ದಿಬ್ಬದೊಳಗಿನ ಒಕ್ಕಲು

ಕ್ರಿ.ಪೂ. 513ರ ಸುಮಾರಿಗೆ ಪರ್ಷಿಯಾದ ಸಾಮ್ರಾಟ ಡೇರಿಯಸ್ ದೋಣಿಗಳ ಸೇತುವೆ ಕಟ್ಟಿಸಿ ಬಾಸ್ಫೊರಸ್ ದಾಟಿದ. ಡ್ಯಾನ್ಯೂಬ್ ನದಿಗೂ ಸೇತುವೆ ಹಾಕಿಸಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿಗೆ ಸೈನ್ಯ ನುಗ್ಗಿಸಿದ. ಆದರೆ ಶತ್ರು ಕೈಗೆ ಸಿಗಲಿಲ್ಲ. ಸಿಥಿಯನ್ನರು ಬಾವಿಗಳನ್ನು ಮುಚ್ಚುತ್ತ, ಮೇವನ್ನು ಹಾಳುಗೆಡವುತ್ತ, ಯಾವಾಗಲೂ ಒಂದು ದಿನದ ದಾರಿಯಷ್ಟು ಮುಂದೆಯೇ ಇರುತ್ತಿದ್ದರು. ಬೇಸತ್ತ ಡೇರಿಯಸ್ ದೂತನನ್ನು ಅಟ್ಟಿ, ಓಡುವುದನ್ನು ಬಿಟ್ಟು ನಿಂತು ಕಾದಾಡಬೇಕು, ಇಲ್ಲವೇ ಶರಣಾಗಬೇಕು ಎಂದು ಕೇಳಿಸಿದ. ಸಿಥಿಯನ್ ದೊರೆ ಇಡಾಂಥಿರ್ಸಸ್ ಹೇಳಿಕಳಿಸಿದ ಉತ್ತರವನ್ನು ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ದಾಖಲಿಸಿದ್ದಾನೆ. ಕಾದುಕೊಳ್ಳಲು ನಮಗೆ ಊರೂ ಇಲ್ಲ, ಬೆಳೆದ ಹೊಲವೂ ಇಲ್ಲ. ಯುದ್ಧ ಬೇಕೇ ಬೇಕೆಂದಿದ್ದರೆ ನಮ್ಮ ಹಿರಿಯರ ಗೋರಿಗಳನ್ನು ಹುಡುಕಿ ಮುಟ್ಟಿ ನೋಡು ಎಂಬುದು ಅದರ ತಿರುಳು.

ಬಂಡಿಯ ಮೇಲೆ ಹುಟ್ಟಿ ಬಂಡಿಯ ಮೇಲೆ ಬೆಳೆದ ಜನ ಅವರು. ಋತು ತಿರುಗಿದ ಹಾಗೆ ಮಂದೆಯ ಹಿಂದೆ ನಡೆಯುವವರು. ಗೋಡೆ ಕಟ್ಟಿ ಸೂರು ಹಾಕಿ ಅವರು ಒಂದೇ ಕಡೆ ನಿಲ್ಲಿಸಿದ ಮನೆ ಸತ್ತವರದು. ಹಂಗೇರಿಯ ಬಯಲಿನಿಂದ ಮಂಗೋಲಿಯಾದವರೆಗೆ ಹಬ್ಬಿದ ಈ ಹುಲ್ಲಿನ ನಾಡಿನಲ್ಲಿ ಅಂಥ ಮನೆಗಳ ಮೇಲೆ ಮಣ್ಣೇರಿಸಿದ ದಿಬ್ಬಗಳು ಸಾವಿರಗಟ್ಟಲೆ ಇವೆ. ಅವಕ್ಕೆ ಕುರ್ಗಾನ್ ಎನ್ನುತ್ತಾರೆ. ಕ್ರಿ.ಪೂ. 3300ರ ಹೊತ್ತಿಗಾಗಲೇ ಯಾಮ್ನಾಯಾ ಎಂದು ಇಂದು ಕರೆಯಲಾಗುವ ಪಶುಪಾಲಕರು ಸತ್ತವರನ್ನು ಗುಂಡಿಯಲ್ಲಿ ಮೊಣಕಾಲು ಮಡಚಿ ಅಂಗಾತ ಮಲಗಿಸಿ, ಕೆಮ್ಮಣ್ಣು ಚೆಲ್ಲಿ, ಮೇಲೆ ಮಣ್ಣು ಏರಿಸುತ್ತಿದ್ದರು. ಅಲ್ಲಿಂದ ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ, ಭಾಷೆ ಬದಲಾಗಿ, ಕುಲ ಬದಲಾಗಿ, ದೇವರುಗಳು ಬದಲಾದರೂ ದಿಬ್ಬ ಕಟ್ಟುವ ರೂಢಿ ಉಳಿಯಿತು. ಪರ್ಷಿಯನ್ನರು ಸಿಥಿಯನ್ನರನ್ನೆಲ್ಲ ಶಕರೆಂದು ಕರೆದರು. ಅದೇ ಶಕರ ಕವಲುಗಳು ಮುಂದೆ ದಕ್ಷಿಣಕ್ಕೆ ಇಳಿದು ಗುಜರಾತು ಮಾಳವಗಳನ್ನು ಆಳಿದವು. ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯ ಶಾಸನ 465 ಎಂದು ಎಣಿಸುವ ಶಕವರ್ಷಕ್ಕೆ ಹೆಸರು ಕೊಟ್ಟವರು ಇವರೇ.

ಈ ದಿಬ್ಬಗಳೊಳಗೆ ಒಬ್ಬರೇ ಮಲಗಿರುವುದುಂಟು. ಆದರೆ ಇಬ್ಬರು, ಐವರು, ಇಡೀ ಮನೆಮಂದಿ ಒಟ್ಟಿಗೆ ಮಲಗಿರುವ ಗೋರಿಗಳೂ ಬಹಳ. ಒಂದೇ ಪೆಟ್ಟಿಗೆಯಲ್ಲಿ ಗಂಡಸು, ಹೆಂಗಸು ಸಿಕ್ಕರೆ ಸಾವಿನಲ್ಲೂ ಅಗಲದ ಪ್ರೀತಿ ಎಂದುಬಿಡುವುದು ನಮಗೆ ಸುಲಭ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗೋರಿಯೊಳಗೆ ಯಾರ ಪಕ್ಕದಲ್ಲಿ ಯಾರು ಎಂಬುದನ್ನು ತೀರ್ಮಾನಿಸಿದವರು ಬದುಕುಳಿದವರು. ಮಲಗಿದವರಲ್ಲಿ ಎಷ್ಟೋ ಮಂದಿಗೆ ಆ ಜಾಗ ಬೇಡವಾಗಿತ್ತು.

ಹೆರೊಡೊಟಸ್ ತನ್ನ ನಾಲ್ಕನೆಯ ಪುಸ್ತಕದಲ್ಲಿ ಸಿಥಿಯನ್ ದೊರೆಯ ಶವಸಂಸ್ಕಾರವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ದೊರೆ ಸತ್ತೊಡನೆ ಹೊಟ್ಟೆ ಸೀಳಿ, ಶುಚಿ ಮಾಡಿ, ಜಜ್ಜಿದ ಕೊನ್ನಾರಿ ಗೆಡ್ಡೆಯ ಜಾತಿಯ ಬೇರು, ಧೂಪ, ಅಜಮೋದ, ಸೋಂಪಿನ ಬೀಜ ತುಂಬಿ ಹೊಲಿಯುತ್ತಾರೆ. ಮೈಗೆಲ್ಲ ಮೇಣ ಮೆತ್ತುತ್ತಾರೆ. ಆಮೇಲೆ ಬಂಡಿಯಲ್ಲಿಟ್ಟು ಒಂದು ಬುಡಕಟ್ಟಿನಿಂದ ಇನ್ನೊಂದಕ್ಕೆ ಒಯ್ಯುತ್ತಾರೆ. ಶವ ಬಂದಲ್ಲೆಲ್ಲ ಜನ ಕಿವಿಯ ಚೂರು ಕೊಯ್ದುಕೊಂಡು, ತಲೆ ಬೋಳಿಸಿಕೊಂಡು, ಹಣೆ ಮೂಗು ಗೀರಿಕೊಂಡು, ಎಡಗೈಗೆ ಬಾಣ ಚುಚ್ಚಿಕೊಂಡು ಬಂಡಿಯ ಹಿಂದೆ ಹೊರಡುತ್ತಾರೆ. ಕೊನೆಗೆ ನೀಪರ್ ನದಿಯ ಮೇಲ್ಭಾಗದ ಗೆರ್ರಿಗಳ ನಾಡಿನಲ್ಲಿ ಚೌಕದ ದೊಡ್ಡ ಗುಂಡಿ ಕಾದಿರುತ್ತದೆ. ದೊರೆಯನ್ನು ಹಾಸಿಗೆಯ ಮೇಲೆ ಮಲಗಿಸಿ, ಎರಡೂ ಕಡೆ ಭರ್ಜಿ ನೆಟ್ಟು, ಮೇಲೆ ಮರ ಹಾಕಿ ಚಾಪೆ ಹೊದಿಸುತ್ತಾರೆ.

ಗುಂಡಿಯಲ್ಲಿ ಇನ್ನೂ ಜಾಗ ಉಳಿದಿರುತ್ತದೆ. ಅಲ್ಲಿಗೆ ಕತ್ತು ಹಿಸುಕಿ ಕೊಂದವರನ್ನು ಇಳಿಸುತ್ತಾರೆ: ದೊರೆಯ ಒಬ್ಬ ಉಪಪತ್ನಿ, ಪಾನದ ಬಟ್ಟಲು ತುಂಬುವವ, ಅಡುಗೆಯವ, ಕುದುರೆಯಾಳು, ಊಳಿಗದವ, ಓಲೆಕಾರ. ಅವರ ಜೊತೆ ಕುದುರೆಗಳು, ಚಿನ್ನದ ಬಟ್ಟಲುಗಳು. ಆಮೇಲೆ ಎಲ್ಲರೂ ಪೈಪೋಟಿಯ ಮೇಲೆ ಮಣ್ಣು ಹೊತ್ತು ದಿಬ್ಬವನ್ನು ಆದಷ್ಟು ಎತ್ತರಕ್ಕೆ ಏರಿಸುತ್ತಾರೆ. ಒಂದು ವರ್ಷ ಕಳೆದ ಮೇಲೆ ಇನ್ನೂ ಒಂದು ಕ್ರಿಯೆ ಇದೆ. ದೊರೆಯ ಸೇವೆಯಲ್ಲಿದ್ದ 50 ಯುವಕರನ್ನು, 50 ಒಳ್ಳೆಯ ಕುದುರೆಗಳನ್ನು ಕೊಂದು, ಹೊಟ್ಟೆ ಬಗೆದು, ಹೊಟ್ಟು ತುಂಬಿ ಹೊಲಿದು, ಗೂಟಗಳ ಮೇಲೆ ಕುದುರೆ ನಿಲ್ಲಿಸಿ, ಕಡಿವಾಣ ತೊಡಿಸಿ, ಒಂದೊಂದರ ಮೇಲೆ ಒಬ್ಬೊಬ್ಬ ಯುವಕನ ಹೆಣವನ್ನು ಸವಾರನಂತೆ ಕೂರಿಸಿ ದಿಬ್ಬದ ಸುತ್ತ ನಿಲ್ಲಿಸಿ ಹೋಗುತ್ತಾರೆ. ಇವರು ಹಣ ಕೊಟ್ಟು ತಂದ ಗುಲಾಮರಲ್ಲ, ಹುಟ್ಟು ಸಿಥಿಯನ್ನರೇ ಎಂದು ಹೆರೊಡೊಟಸ್ ಒತ್ತಿ ಹೇಳುತ್ತಾನೆ. ಅಂದರೆ ಆ ಐವತ್ತು ಮಂದಿಗೂ ಅದೇ ಹುಲ್ಲುಗಾವಲಿನಲ್ಲಿ ತಾಯಿ ತಂದೆ ಇದ್ದರು.

ಇದು ಕಟ್ಟುಕತೆ ಎಂದು ತಳ್ಳಿಹಾಕಿದವರು ಹಿಂದೆ ಬಹಳ ಮಂದಿ. ಆದರೆ ದಕ್ಷಿಣ ಸೈಬೀರಿಯಾದ ತುವಾ ಪ್ರಾಂತದ ಊಯುಕ್ ಕಣಿವೆಯಲ್ಲಿ ತುನ್ನುಗ್ ಎಂಬ ದೊಡ್ಡ ಕುರ್ಗಾನ್ ಇದೆ, ಕ್ರಿ.ಪೂ. ಒಂಬತ್ತನೆಯ ಶತಮಾನದ ಕೊನೆಯದು. ಅದರ ಮೇಲ್ಮೈಯಲ್ಲಿ 18 ಕುದುರೆಗಳ ಮೂಳೆಗಳು, ಕಡಿವಾಣದ ಲೋಹದ ತುಂಡುಗಳು, ಜೊತೆಗೆ ಮನುಷ್ಯನ ಮೂಳೆಗಳು ಸಿಕ್ಕಿವೆಯೆಂಬ ವರದಿ 2024ರಲ್ಲಿ ಬಂತು. ದಿಬ್ಬದ ಒಳಗಲ್ಲ, ಮೇಲೆ. ಹೆರೊಡೊಟಸ್ ಹೇಳಿದ ಹೆಣಸವಾರರ ಸಾಲನ್ನೇ ನೆನಪಿಗೆ ತರುವ ಈ ಕುರುಹು ಅವನು ಹುಟ್ಟುವುದಕ್ಕೆ ಮುನ್ನೂರು ವರ್ಷ ಹಿಂದಿನದು, ಕಪ್ಪು ಸಮುದ್ರದಿಂದ ಸಾವಿರಾರು ಕಿಲೋಮೀಟರ್ ಪೂರ್ವದ್ದು. ಇಷ್ಟು ಕ್ರೂರವಾದ ಪದ್ಧತಿ ಅಷ್ಟು ದೂರ, ಅಷ್ಟು ಕಾಲ ಪಯಣಿಸಿತ್ತು.

ಅದೇ ಕಣಿವೆಯಲ್ಲಿ ಅರ್ಜಾನ್ ಎಂಬ ಊರಿನ ಬಳಿ ಎರಡು ಪ್ರಸಿದ್ಧ ದಿಬ್ಬಗಳಿವೆ. ಮೊದಲನೆಯದನ್ನು 1971ರಿಂದ 1974ರವರೆಗೆ ಮಿಖಾಯಿಲ್ ಗ್ರ್ಯಾಜ್ನೋವ್ ಮತ್ತು ಮನ್ನಾಯ್‌ಓಲ್ ಅಗೆದರು. ಸುಮಾರು 110 ಮೀಟರ್ ಅಗಲದ ಕಲ್ಲುರಾಶಿಯ ಕೆಳಗೆ ಲಾರ್ಚ್ ಮರದ ದಿಮ್ಮಿಗಳಿಂದ ಕಟ್ಟಿದ 70ರಷ್ಟು ಕೋಣೆಗಳು ಚಕ್ರದ ಅರಗಳಂತೆ ಹರಡಿಕೊಂಡಿದ್ದವು. ನಡುವಿನ ಕೋಣೆಯಲ್ಲಿ ದೊರೆ, ರಾಣಿ, ಸುತ್ತ ಪರಿವಾರದವರು, ಉಳಿದ ಕೋಣೆಗಳಲ್ಲಿ ಹೆಚ್ಚುಕಡಿಮೆ 160 ಕುದುರೆಗಳು. ಕಳ್ಳರು ಬಹಳ ಹಿಂದೆಯೇ ಬಂದು ಹೋಗಿದ್ದರು.

ಎರಡನೆಯ ದಿಬ್ಬದಲ್ಲಿ ಕಳ್ಳರು ಮೋಸಹೋದರು. ಗೋರಿ ನಡುವೆ ಇರಲಿಲ್ಲ. ನಡುವೆ ಇದ್ದದ್ದು ಖಾಲಿ ಗುಂಡಿಗಳು. ಕಾನ್‌ಸ್ಟಾಂಟಿನ್ ಚುಗುನೋವ್, ಹೆರ್ಮನ್ ಪಾರ್ಜಿಂಗರ್, ಅನಾತೊಲಿ ನಾಗ್ಲರ್ ಇವರ ತಂಡ 2001ರಲ್ಲಿ ಬದಿಗಿದ್ದ ಮರದ ಕೋಣೆಯ ಮಾಡು ತೆಗೆದಾಗ ಇಬ್ಬರು ಇಟ್ಟಲ್ಲೇ ಇದ್ದರು. ಕ್ರಿ.ಪೂ. ಏಳನೆಯ ಶತಮಾನದ ದಂಪತಿ. ಗಂಡಸಿಗೆ ನಲವತ್ತು ದಾಟಿತ್ತು, ಹೆಂಗಸಿಗೆ ಮೂವತ್ತರ ಆಸುಪಾಸು. ಗಂಡಸಿನ ಕೊರಳಲ್ಲಿ ಒಂದೂವರೆ ಕಿಲೋ ತೂಗುವ ಚಿನ್ನದ ಪಟ್ಟಿ. ಮೇಲಂಗಿಯ ಮೇಲೆ ಹೊಲಿದ ಚಿರತೆಯಾಕಾರದ ಸಣ್ಣಸಣ್ಣ ಚಿನ್ನದ ಬಿಲ್ಲೆಗಳು ಎರಡೂವರೆ ಸಾವಿರದಷ್ಟು. ಬಟ್ಟೆ ಮಣ್ಣಾಗಿ ಹೋಗಿ ಬಿಲ್ಲೆಗಳು ಮಾತ್ರ ಮೈಯ ಆಕಾರ ಹಿಡಿದು ನಿಂತಿದ್ದವು. ಎಲ್ಲ ಸೇರಿ ಸುಮಾರು 20 ಕಿಲೋ ಚಿನ್ನ. ಹೆಂಗಸಿನ ಸೊಂಟದಲ್ಲೂ ಕಠಾರಿ ಇತ್ತು. ಬಾಲ್ಟಿಕ್ ಕಡಲಿನ ಅಂಬರ್ ಮಣಿಗಳು ಅಲ್ಲಿಯವರೆಗೆ ಬಂದಿದ್ದವು.

ಪತ್ರಿಕೆಗಳು ಚಿನ್ನದ ಬಗ್ಗೆ ಬರೆದವು. ನನ್ನನ್ನು ಹಿಡಿದು ನಿಲ್ಲಿಸುವುದು ಮೂಳೆಗಳು. 2007ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ ಆ ದೊರೆಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಿ ಮೈಯ ಮೂಳೆಗಳಿಗೆಲ್ಲ ಹರಡಿತ್ತು. ಕೊನೆಯ ತಿಂಗಳುಗಳಲ್ಲಿ ಅವನು ಕುದುರೆ ಏರುವುದಿರಲಿ, ಮಗ್ಗುಲು ಬದಲಿಸುವುದೂ ಕಷ್ಟವಿದ್ದೀತು. ಅವನ ಸಾವಿಗೆ ಕಾರಣ ಮೂಳೆಯ ಮೇಲೆಯೇ ಬರೆದಿದೆ. ಅವನಿಗಿಂತ ಹತ್ತು ವರ್ಷವಾದರೂ ಚಿಕ್ಕವಳಾದ ಆ ಹೆಂಗಸು ಅದೇ ಹೊತ್ತಿಗೆ, ಅದೇ ಕೋಣೆಯೊಳಗೆ ಹೇಗೆ ಬಂದಳು? ಇಬ್ಬರನ್ನೂ ಒಟ್ಟಿಗೇ ಇಟ್ಟರು ಎಂದು ಅಗೆದವರು ಓದುತ್ತಾರೆ. ಅವಳು ದೊರೆಯ ಕಾಯಿಲೆಗೆ ಸತ್ತವಳಲ್ಲ. ಮೈತುಂಬ ಚಿನ್ನ ಹೇರಿದ್ದಾರೆ, ಗೌರವದಲ್ಲಿ ಏನೂ ಕಡಿಮೆ ಮಾಡಿಲ್ಲ. ಆದರೂ ಅವಳ ಆಯುಷ್ಯ ಅವನ ಆಯುಷ್ಯಕ್ಕೆ ಕಟ್ಟುಬಿದ್ದಿತ್ತು ಎಂದೇ ನನಗೆ ಕಾಣುತ್ತದೆ.

ಅಲ್ತಾಯ್ ಬೆಟ್ಟಗಳ ಪಜಿರಿಕ್ ಕಣಿವೆಯ ಗೋರಿಗಳಲ್ಲಿ ಬಟ್ಟೆ, ಚರ್ಮ, ಕೂದಲು, ಹಚ್ಚೆ ಎಲ್ಲ ಉಳಿದವು. ಅದಕ್ಕೆ ಕಾರಣ ಹಿಮ. ಕಲ್ಲು ಪೇರಿಸಿದ ದಿಬ್ಬದ ಸಂದಿಗಳಲ್ಲಿ ನೀರು ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಬೇಸಿಗೆಯ ಬಿಸಿ ಕಲ್ಲುರಾಶಿಯನ್ನು ದಾಟಿ ಕೆಳಗೆ ಮುಟ್ಟದೆ, ಗೋರಿಯ ಅಡಿಯಲ್ಲಿ ಎಂದೂ ಕರಗದ ಮಂಜಿನ ಗಡ್ಡೆ ಕೂತುಬಿಟ್ಟಿತು. ಕಳ್ಳರು ಕೊರೆದ ಕಿಂಡಿಯಿಂದಲೂ ನೀರು ಒಳಗೆ ಹೋಗಿ ಕಾಪಾಡುವ ಕೆಲಸವನ್ನೇ ಮಾಡಿತು. 1929ರಲ್ಲಿ ಗ್ರ್ಯಾಜ್ನೋವ್ ಮೊದಲ ದಿಬ್ಬ ತೆರೆದರು. 1947ರಿಂದ 1949ರವರೆಗೆ ಸೆರ್ಗೆಯ್ ರುದೆಂಕೊ ಇನ್ನೂ ನಾಲ್ಕನ್ನು ತೆರೆದರು, ಬಿಸಿನೀರು ಹೊಯ್ದು ಹೊಯ್ದು ಮಂಜು ಕರಗಿಸುತ್ತ.

ಐದನೆಯ ದಿಬ್ಬದಲ್ಲಿ ಒಂದೇ ಲಾರ್ಚ್ ದಿಮ್ಮಿಯನ್ನು ಕೊರೆದು ಮಾಡಿದ ಉದ್ದನೆಯ ಪೆಟ್ಟಿಗೆ, ಅದಕ್ಕೆ ಇಬ್ಬರು ಒಕ್ಕಲು: ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಬ್ಬರ ತಲೆಬುರುಡೆಗೂ ತೂತು ಕೊರೆದು ಮಿದುಳು ತೆಗೆದು ಮತ್ತೆ ತುಂಬಿದ್ದರು. ಮೈಯಲ್ಲಿ ಸೀಳಿದ ಕಡೆಗಳನ್ನು ಹೊಲಿದು ಮುಚ್ಚಿದ್ದರು. ಹೆರೊಡೊಟಸ್ ಹೇಳಿದ ಸಂಸ್ಕಾರವೇ ಇದು. ಇಷ್ಟೆಲ್ಲ ಏಕೆಂದರೆ ಚಳಿಗಾಲದಲ್ಲಿ ಅಲ್ಲಿಯ ನೆಲ ಕಲ್ಲಿನಷ್ಟು ಗಟ್ಟಿ. ಗುಂಡಿ ತೋಡಬೇಕಾದರೆ ಋತು ಬರಬೇಕು, ಬಂಧುಗಳು ದೂರದ ಹುಲ್ಲುಗಾವಲುಗಳಿಂದ ಬರಬೇಕು. ಅಲ್ಲಿಯವರೆಗೆ ಹೆಣ ಕೆಡಬಾರದು. ಹಾಗೆ ಕಾದಿಟ್ಟ ಹೆಣವಿದ್ದರೆ, ಮೊದಲು ಸತ್ತವರು ಆಮೇಲೆ ಸತ್ತವರಿಗಾಗಿ ಕಾಯುವುದೂ ಸಾಧ್ಯ. ಆದ್ದರಿಂದ ಪಜಿರಿಕ್‌ನ ಜೋಡಿಗಳ ವಿಷಯದಲ್ಲಿ ಅರ್ಜಾನಿನ ಹಾಗೆ ತಟ್ಟನೆ ತೀರ್ಪು ಕೊಡಲು ನನಗೆ ಮನಸ್ಸಾಗದು.

ಪೆಟ್ಟಿಗೆಯ ಹೊರಗೆ ನಾಲ್ಕು ಚಕ್ರದ ಎತ್ತರದ ಬಂಡಿ, ಗೋಡೆಗೆ ತೂಗುಹಾಕುವ ಫೆಲ್ಟ್ ಬಟ್ಟೆ, ಚೀನಾದ ರೇಷ್ಮೆ, ಇಂದಿಗೂ ಬಣ್ಣ ಮಾಸದ ರತ್ನಗಂಬಳಿ. ಸುಮಾರು ಎರಡು ಮೀಟರ್ ಉದ್ದಗಲದ ಆ ರತ್ನಗಂಬಳಿ ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಸಂಗ್ರಹದಲ್ಲಿದೆ. ಜಗತ್ತಿನಲ್ಲಿ ಉಳಿದಿರುವ ಗಂಟುನೇಯ್ಗೆಯ ಗಂಬಳಿಗಳಲ್ಲಿ ಇದಕ್ಕಿಂತ ಹಳೆಯದು ಹೀಗೆ ಇಡಿಯಾಗಿ ಸಿಕ್ಕಿಲ್ಲ. ಅದರ ಅಂಚಿನಲ್ಲಿ ಒಂದು ಸಾಲು ಕುದುರೆಸವಾರರು, ಒಳಗೊಂದು ಸಾಲು ಮೇಯುವ ಜಿಂಕೆಗಳು. ಎರಡನೆಯ ದಿಬ್ಬದಲ್ಲಿ ಇನ್ನೊಂದು ಜೋಡಿ ಇತ್ತು. ಆ ಗಂಡಸಿನ ತೋಳು ಕಾಲುಗಳ ಮೇಲೆಲ್ಲ ಮೃಗಗಳ ಹಚ್ಚೆ. ಅಲ್ಲಿಯೇ ಸಣ್ಣ ಗುಡಾರದ ಆರು ಕೋಲುಗಳು, ಕಂಚಿನ ಪಾತ್ರೆಯಲ್ಲಿ ಸುಟ್ಟ ಕಲ್ಲುಗಳು, ಕಲ್ಲಿನ ನಡುವೆ ಕರಿಹಿಡಿದ ಗಾಂಜಾ ಬೀಜ ಸಿಕ್ಕವು. ಮಣ್ಣು ಕೊಟ್ಟು ಬಂದ ಮೇಲೆ ಸಿಥಿಯನ್ನರು ಹೀಗೆಯೇ ಗುಡಾರದೊಳಗೆ ಕಾದ ಕಲ್ಲಿನ ಮೇಲೆ ಗಾಂಜಾ ಬೀಜ ಚೆಲ್ಲಿ ಹೊಗೆಯಲ್ಲಿ ಮೈಲಿಗೆ ಕಳೆದುಕೊಳ್ಳುತ್ತಾರೆಂದು ಹೆರೊಡೊಟಸ್ ಬರೆದು ಇಪ್ಪತ್ತನಾಲ್ಕು ಶತಮಾನ ಕಳೆದಿತ್ತು.

ಉಕೋಕ್ ಪ್ರಸ್ಥಭೂಮಿಯಲ್ಲಿ 1993ರಲ್ಲಿ ನತಾಲಿಯಾ ಪೊಲೊಸ್ಮಾಕ್ ಅಗೆದ ದಿಬ್ಬದ ಕತೆ ಬೇರೆ ಬಗೆಯದು. ಒಳಗಿದ್ದವಳು ಮೂವತ್ತರ ಒಳಗಿನ ಹೆಂಗಸು, ತೋಳಿನ ಮೇಲೆ ಹಚ್ಚೆ, ತಲೆಗೆ ಎತ್ತರದ ಕೃತಕ ಕೇಶ. ಪಕ್ಕದಲ್ಲಿ ಗಂಡಸಿಲ್ಲ, ಹೊರಗೆ ಆರು ಕುದುರೆಗಳು. ಅವಳ ಮೇಲೆ ಬೇರೆ ಪದ್ಧತಿಯವರು ಆಮೇಲೆ ಇನ್ನೊಂದು ಶವ ಇಟ್ಟಿದ್ದರು. ಕಳ್ಳರು ಮೇಲಿನದನ್ನು ದೋಚಿ, ಇಷ್ಟೇ ಎಂದುಕೊಂಡು ಹೋದರು. ಗುರುತಿಲ್ಲದ ಆ ಮೇಲುಮನೆಯ ವ್ಯಕ್ತಿ ಕೆಳಗಿನವಳನ್ನು ಕಾಪಾಡಿದ ಹಾಗಾಯಿತು. ಅಲ್ತಾಯ್ ಜನ ಇವಳನ್ನು ತಮ್ಮ ಹಿರಿಯಳೆಂದು ನಂಬುತ್ತಾರೆ. ಅವರು ಪಟ್ಟುಹಿಡಿದ ಮೇಲೆ 2012ರಲ್ಲಿ ಅವಳ ದೇಹ ನೊವೊಸಿಬಿರ್ಸ್ಕ್‌ನಿಂದ ಗೋರ್ನೊ ಅಲ್ತಾಯ್ಸ್ಕ್‌ನ ವಸ್ತುಸಂಗ್ರಹಾಲಯಕ್ಕೆ ಮರಳಿತು. ಮತ್ತೆ ಮಣ್ಣಿಗೇ ಸೇರಿಸಿ ಎಂದು ಅಲ್ಲಿಯ ಹಿರಿಯರು ಕೇಳುತ್ತ ಬಂದಿದ್ದಾರೆ. ಅವರ ಬೇಡಿಕೆಯಲ್ಲಿ ನ್ಯಾಯವಿದೆ ಎಂದು ನನ್ನ ಅಭಿಪ್ರಾಯ.

ಇನ್ನು ಪಶ್ಚಿಮಕ್ಕೆ, ಉಕ್ರೇನಿಗೆ. 1971ರಲ್ಲಿ ಬೊರಿಸ್ ಮೊಜೊಲೆವ್‌ಸ್ಕಿ ಎಂಬ ಕವಿ ಹಾಗೂ ಪುರಾತತ್ವಜ್ಞ ತೊವ್‌ಸ್ತಾ ಮೊಹಿಲಾ ಎಂಬ ದಿಬ್ಬವನ್ನು ಅಗೆದು 1,150 ಗ್ರಾಂ ತೂಕದ ಚಿನ್ನದ ಎದೆಪದಕವನ್ನು ಹೊರತೆಗೆದರು. ಅದರ ಮೇಲಿನ ಸಾಲಿನಲ್ಲಿ ಇಬ್ಬರು ಗಂಡಸರು ಕುರಿಚರ್ಮದ ಅಂಗಿ ಹಿಡಿದು ಕೂತಿದ್ದಾರೆ, ಪಕ್ಕದಲ್ಲಿ ಹಾಲು ಕರೆಯುತ್ತಿದ್ದಾರೆ, ಕರುವಿಗೆ ತಾಯಿ ಹಾಲೂಡುತ್ತಿದೆ. ಅಷ್ಟು ನೆಮ್ಮದಿಯ ಹಟ್ಟಿಯ ಚಿತ್ರ ಇನ್ನೊಂದಿಲ್ಲ. ಆ ಚಿತ್ರ ಸಿಕ್ಕಿದ ದಿಬ್ಬದಲ್ಲೇ ಕುದುರೆಗಳ ಜೊತೆ ಕುದುರೆಯಾಳುಗಳು ಹೂಳಲ್ಪಟ್ಟಿದ್ದರು. ಬದಿಯ ಗೋರಿಯಲ್ಲಿ ಚಿನ್ನ ತೊಟ್ಟ ತರುಣಿ, ಅವಳ ಪಕ್ಕದಲ್ಲಿ ಎರಡು ವರ್ಷದ ಆಸುಪಾಸಿನ ಮಗು. ಮಗುವನ್ನು ಆಮೇಲೆ ಬೇರೆ ದಾರಿ ತೋಡಿ ತಂದು ಅವಳ ಬಳಿ ಮಲಗಿಸಿದ್ದರು. ಮುಚ್ಚಿದ ಗೋರಿಯನ್ನು ಮತ್ತೆ ತೆರೆಯುವುದು ಸುಲಭದ ಕೆಲಸವಲ್ಲ. ಅಷ್ಟು ಮಣ್ಣನ್ನು ಒಂದು ಮಗುವಿಗಾಗಿ ತೋಡಿದ್ದಾರೆ. ಅದೇ ಗೋರಿಯ ಸುತ್ತ ಪರಿಚಾರಕರೂ ಇದ್ದಾರೆ. ಅವರಿಗೆ ಚಿನ್ನವಿಲ್ಲ. ಮಗುವನ್ನು ತಂದವರ ದುಃಖ ನಿಜ. ಪರಿಚಾರಕರನ್ನು ಕೊಂದವರೂ ಅದೇ ಜನ. ಈ ಎರಡನ್ನೂ ಒಟ್ಟಿಗೇ ನೋಡದೆ ಸಿಥಿಯನ್ನರ ಚರಿತ್ರೆ ಬರೆಯಲಾಗದು.

ಗೋರಿಯಲ್ಲಿ ಯಾರಿದ್ದಾರೆಂದು ಓದುವುದರಲ್ಲಿ ನಮ್ಮ ಕಾಲದ ಊಹೆಗಳು ಎಷ್ಟು ಅಡ್ಡಬಂದಿವೆ ಎಂಬುದಕ್ಕೆ ತುವಾದ ಸಾರಿಗ್ ಬುಲುನ್ ಸಾಕ್ಷಿ. 1988ರಲ್ಲಿ ಅಲ್ಲಿ ಹದಿನಾಲ್ಕು ತುಂಬದ ಮಗುವಿನ ಗೋರಿ ಸಿಕ್ಕಿತು. ಬಿಲ್ಲು, ಬಾಣ, ಕೊಡಲಿ ಇದ್ದವು. ಮಣಿ, ಕನ್ನಡಿ ಇರಲಿಲ್ಲ. ಹುಡುಗ ಎಂದು ಬರೆದುಕೊಂಡರು. 2020ರಲ್ಲಿ ಡಿಎನ್‌ಎ ಪರೀಕ್ಷೆ ಅದು ಹುಡುಗಿ ಎಂದಿತು. ರಷ್ಯಾದ ವೊರೊನೆಜ್ ಪ್ರಾಂತದ ದೆವಿತ್ಸಾ ಎಂಬಲ್ಲಿ 2019ರಲ್ಲಿ ವಲೇರಿ ಗುಲ್ಯಾಯೆವ್ ಅವರ ತಂಡ ತೆರೆದ ಕ್ರಿ.ಪೂ. ನಾಲ್ಕನೆಯ ಶತಮಾನದ ಗೋರಿಯಲ್ಲಿ ನಾಲ್ವರು ಹೆಣ್ಣುಗಳಿದ್ದರು: ಒಬ್ಬಳಿಗೆ ಹನ್ನೆರಡು ಹದಿಮೂರು, ಒಬ್ಬಳಿಗೆ ಇಪ್ಪತ್ತು ದಾಟಿತ್ತು, ಇನ್ನೊಬ್ಬಳಿಗೆ ಮೂವತ್ತು, ಹಿರಿಯಳಿಗೆ ನಲವತ್ತೈದಕ್ಕೂ ಮೇಲೆ. ಜೊತೆಗೆ ಭರ್ಜಿ, ಬಾಣದ ಮೊನೆಗಳು. ಒಬ್ಬಳನ್ನು ಕುದುರೆ ಏರಿದವಳ ಭಂಗಿಯಲ್ಲಿ ಮಲಗಿಸಿದ್ದರು. ಹಿರಿಯಳ ತಲೆಯ ಮೇಲೆ ಚಿನ್ನದ ತಗಡು ಕಟ್ಟಿದ ವಿಧ್ಯುಕ್ತ ಕಿರೀಟ. ಆ ಕಾಲಕ್ಕೆ ಅವಳದು ದೀರ್ಘಾಯುಷ್ಯ.

ದೊರೆಗಳಲ್ಲದವರ ದಿಬ್ಬಗಳು ಚಿನ್ನ ಕೊಡುವುದಿಲ್ಲ, ಆದ್ದರಿಂದ ಅವುಗಳ ಸುದ್ದಿ ಕಡಿಮೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಅಂಥ ಒಂದು ದಿಬ್ಬ. ದಕ್ಷಿಣ ಉರಲ್‌ನ ನೆಪ್ಲುಯೆವ್‌ಸ್ಕಿ ಕುರ್ಗಾನ್, 3,800 ವರ್ಷ ಹಳೆಯದು, ಸಿಥಿಯನ್ನರಿಗಿಂತ ಸಾವಿರ ವರ್ಷ ಹಿಂದಿನ ಪಶುಪಾಲಕರದು. ಅಲ್ಲಿಯ 32 ಮಂದಿಯ ಡಿಎನ್‌ಎಯನ್ನು ಯೆನ್ಸ್ ಬ್ಲೋಹರ್, ಯೋಆಕಿಂ ಬುರ್ಗರ್ ಮತ್ತು ಸಂಗಡಿಗರು ಓದಿ 2023ರಲ್ಲಿ ಪ್ರಕಟಿಸಿದರು. ಅದು ಆರು ಮಂದಿ ಅಣ್ಣತಮ್ಮಂದಿರ ಕೂಡುಕುಟುಂಬದ ಗೋರಿ. ಅವರ ಹೆಂಡಿರು, ಮಕ್ಕಳು, ಮೊಮ್ಮಕ್ಕಳು. ಹಿರಿಯಣ್ಣನಿಗೆ ಇಬ್ಬರು ಹೆಂಡತಿಯರು, ಎಂಟು ಮಕ್ಕಳು. ತಮ್ಮಂದಿರಿಗೆ ಒಬ್ಬೊಬ್ಬಳೇ ಹೆಂಡತಿ, ಮಕ್ಕಳೂ ಕಡಿಮೆ. ಹಿರಿಯವನ ಹೆಂಡತಿಯರಲ್ಲಿ ಒಬ್ಬಳ ಮೂಲ ಪೂರ್ವದ ಏಷ್ಯಾದ ಹುಲ್ಲುಗಾವಲು. ಸೊಸೆಯಂದಿರೆಲ್ಲ ಹೊರಗಿನಿಂದ ಬಂದವರು. ಆ ಮನೆಯ ಬೆಳೆದ ಹೆಣ್ಣುಮಕ್ಕಳು ಆ ದಿಬ್ಬದಲ್ಲಿ ಇಲ್ಲ. ಮದುವೆಯಾಗಿ ಬೇರೆಯವರ ದಿಬ್ಬ ಸೇರಿರಬೇಕು. ಹೆಂಗಸರ ಆಯುಷ್ಯ ಅಂದಾಜು 28, ಗಂಡಸರದು 36. ಗುಂಡಿಗಳಲ್ಲಿ ಮಕ್ಕಳೇ ಬಹಳ.

ಇಲ್ಲಿ ಯಾರನ್ನೂ ಯಾರಿಗಾಗಿಯೂ ಕೊಂದಂತಿಲ್ಲ. ಒಬ್ಬೊಬ್ಬರೂ ತಮ್ಮ ಸಾವು ಸತ್ತು ಮನೆಯವರ ಬಳಿಗೆ ಬಂದಿದ್ದಾರೆ. ಆದರೂ ಯಾರು ಮನೆಯವರು ಎಂಬ ಲೆಕ್ಕ ಬಿಗಿಯಾಗಿತ್ತು. ಅಣ್ಣತಮ್ಮಂದಿರು ಒಳಗೆ, ಅಕ್ಕತಂಗಿಯರು ಹೊರಗೆ. ಎರಡೂವರೆ ಸಾವಿರ ವರ್ಷ ಕಳೆದು, ಪೂರ್ವದ ಹುಲ್ಲುಗಾವಲಿನಿಂದ ಹಂಗೇರಿಗೆ ಬಂದು ನೆಲಸಿದ ಆವಾರ್ ಜನರ ಶ್ಮಶಾನಗಳಲ್ಲೂ ಅದೇ ಲೆಕ್ಕ ಕಂಡಿತು. ನಾಲ್ಕು ಶ್ಮಶಾನಗಳ 424 ಮಂದಿಯ ಡಿಎನ್‌ಎ ಓದಿದ ಅಧ್ಯಯನ 2024ರಲ್ಲಿ ಬಂತು. ರಾಕೋತ್ಸಿಫಾಲ್ವಾ ಎಂಬಲ್ಲಿ ಒಂದೇ ಮನೆತನದ ಒಂಬತ್ತು ತಲೆಮಾರು ಸಿಕ್ಕಿತು. ಗಂಡುಮಕ್ಕಳು ಹುಟ್ಟಿದಲ್ಲೇ ಮಣ್ಣಾಗಿದ್ದಾರೆ. ತಾಯಂದಿರು ಬೇರೆ ಕಡೆಯಿಂದ ಬಂದವರು. ಗಂಡ ಸತ್ತ ಮೇಲೆ ಅವನ ಸೋದರನನ್ನೋ ಹತ್ತಿರದ ಬಂಧುವನ್ನೋ ಕೂಡಿಕೆಯಾದವರೂ ಅವರಲ್ಲಿದ್ದಾರೆ. ಅವರು ಹುಟ್ಟಿದ ಮನೆಗಳ ಗೋರಿಗಳನ್ನು ಒಂದೊಂದಾಗಿ ಪತ್ತೆ ಹಚ್ಚಿದರೆ ಮಾತ್ರ ಹುಲ್ಲುಗಾವಲಿನ ಹೆಂಗಸರ ಚರಿತ್ರೆ ಬರೆಯಲು ಸಾಧ್ಯ. ಅದಕ್ಕೆ ದಿಬ್ಬಗಳು ಉಳಿದಿರಬೇಕು. ಉಕ್ರೇನ್ ಮತ್ತು ದಕ್ಷಿಣ ರಷ್ಯಾದಲ್ಲಿ ಗೋಧಿ ಬೆಳೆಯಲು ಟ್ರ್ಯಾಕ್ಟರ್ ಹೊಡೆದು ಎಷ್ಟೋ ಕುರ್ಗಾನ್‌ಗಳು ನೆಲಸಮವಾಗಿವೆ. 2022ರಿಂದ ಈಚೆಗೆ, ಬಯಲಿನಲ್ಲಿ ಎತ್ತರದ ಜಾಗ ಅವೇ ಆದ್ದರಿಂದ, ಸೈನಿಕರು ಅವುಗಳ ನೆತ್ತಿಯ ಮೇಲೆ ಕಂದಕ ತೋಡಿದ್ದಾರೆ.